ಅವನು ಪ್ರೀತಿಸುವುದನ್ನು ಬಿಟ್ಟ ದಿನ: ಒಂದು ಕಂಟ್ರಿ ಹಾಡಿನ ಟಿಪ್ಪಣಿ

ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತ ಕಲಿಯುವವರಿಗೆ ಜಾರ್ಜ್ ಜೋನ್ಸ್ ಹಾಡಿದ ‘ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಒಳ್ಳೆಯ ಪಾಠ. ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪುಟ್‌ಮನ್. ಬಿಡುಗಡೆ 1980ರ ಏಪ್ರಿಲ್, ಎಪಿಕ್ ಎಂಬ ರೆಕಾರ್ಡ್ ಕಂಪನಿಯಿಂದ.

ಮೊದಲು ಶೀರ್ಷಿಕೆ ನೋಡಿ. ‘ಇವತ್ತು ಅವನು ಅವಳನ್ನು ಪ್ರೀತಿಸುವುದನ್ನು ಬಿಟ್ಟ’. ಅಂತೂ ಬುದ್ಧಿ ಬಂತು ಅನಿಸುತ್ತದೆ, ಅಲ್ವಾ? ಹಾಡು ನಮ್ಮನ್ನು ಹಾಗೇ ನಂಬಿಸುತ್ತಾ ಹೋಗುತ್ತದೆ. ಸಾಯುವ ತನಕ ನಿನ್ನನ್ನೇ ಪ್ರೀತಿಸುತ್ತೇನೆ ಅಂತ ಅವನು. ದಿನ ಕಳೆದರೆ ಮರೆಯುತ್ತೀಯ ಅಂತ ಅವಳು. ಗೋಡೆಯ ಮೇಲೆ ಅವಳ ಫೋಟೊ. ಹಾಸಿಗೆ ಪಕ್ಕ 1962ರ ಕಾಗದಗಳು, ಅವುಗಳಲ್ಲಿ ಪ್ರೀತಿಯ ಮಾತು ಬಂದಲ್ಲೆಲ್ಲ ಕೆಂಪು ಗೆರೆ. ಹಾಡು ಬಂದದ್ದು 1980ರಲ್ಲಿ, ಅಂದರೆ 18 ವರ್ಷ. ಇಸವಿಯೊಂದನ್ನು ಕೊಟ್ಟು ಲೆಕ್ಕವನ್ನು ನಮಗೇ ಬಿಟ್ಟಿದ್ದಾರೆ.

ನಾನು ಎಡವಿದ್ದು ಮುಂದಿನ ಸಾಲಿನಲ್ಲಿ. ಕಥೆ ಹೇಳುವ ಗೆಳೆಯ ನೋಡಲು ಹೋದಾಗ ಅವನು ನೀಟಾಗಿ ಬಟ್ಟೆ ತೊಟ್ಟು ಹೊರಟವನ ಹಾಗಿದ್ದಾನೆ. ಎಷ್ಟೋ ವರ್ಷದ ಮೇಲೆ ಮುಖದಲ್ಲಿ ನಗು. ಎಲ್ಲಿಗೋ ಪ್ರಯಾಣ ಅಂದುಕೊಂಡೆ. ಆಮೇಲೆ ಬಾಗಿಲಿಗೆ ಹೂವಿನ ಚಕ್ರ ಬರುತ್ತದೆ. ನಮಗೆ ಬಾಗಿಲಿಗೆ ಹೂವು ಅಂದರೆ ಹಬ್ಬ. ಅಲ್ಲಿ ಕ್ರಿಸ್‌ಮಸ್‌ಗೂ ಕಟ್ಟುತ್ತಾರೆ, ಸಾವಿನ ಮನೆಗೂ ಕಟ್ಟುತ್ತಾರೆ. ಹೆಣಕ್ಕೆ ಒಳ್ಳೆಯ ಬಟ್ಟೆ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವುದು ಅಲ್ಲಿಯ ರೂಢಿ. ಈಗ ‘ಹೊರಟ’ ಅನ್ನುವುದಕ್ಕೆ ನಾವೂ ಬಳಸುವ ಇನ್ನೊಂದು ಅರ್ಥ ಬಂತು ನೋಡಿ.

ಗಮನಿಸಿ: ‘ಸಾಯುವ ತನಕ’ ಅನ್ನುವುದು ಮೊದಲ ಸಾಲಿನಲ್ಲೇ ಇದೆ. ಆಮೇಲೆ ಹಾಡಿನಲ್ಲಿ ಎಲ್ಲೂ ‘ಸತ್ತ’ ಅನ್ನುವ ಪದವಿಲ್ಲ. ಅವನು ಮಾತು ಉಳಿಸಿಕೊಂಡ, ಅಷ್ಟೇ.

ಅವಳು ಕೊನೆಯ ಸಲ ನೋಡಲು ಬರುವ ಭಾಗ ಮೊದಲು ಇರಲಿಲ್ಲ. ನಿರ್ಮಾಪಕ ಬಿಲ್ಲಿ ಶೆರಿಲ್ ಹೇಳಿ ಬರೆಸಿದ್ದು. ಅದನ್ನು ಜೋನ್ಸ್ ಹಾಡುವುದಿಲ್ಲ, ಮಾತಿನಲ್ಲಿ ಹೇಳುತ್ತಾರೆ. ಹಿಂದೆ ಪದವಿಲ್ಲದ ಹೆಣ್ಣುದನಿಯೊಂದು ಎತ್ತರದಲ್ಲಿ ತೇಲುತ್ತದೆ. ಕಂಟ್ರಿಯಲ್ಲಿ ಹೀಗೆ ನಡುವೆ ಮಾತಿಗಿಳಿಯುವುದು ಹಳೆಯ ಪದ್ಧತಿ. ಎಷ್ಟೋ ಹಾಡಿನಲ್ಲಿ ಅದು ನಾಟಕದ ಹಾಗೆ ಕೇಳುತ್ತದೆ. ಇಲ್ಲಿ ಮಾತ್ರ ದನಿ ಎತ್ತಲು ಶಕ್ತಿಯಿಲ್ಲದವನು ಮಾತಾಡಿದ ಹಾಗಿದೆ.

ರೆಕಾರ್ಡಿಂಗ್ ಸುಲಭವಾಗಿ ಮುಗಿಯಲಿಲ್ಲ. ಆಗ ಜೋನ್ಸ್ ಕುಡಿತದಲ್ಲಿ ಮುಳುಗಿದ್ದರು. ಮಾತಿನ ಆ ನಾಲ್ಕು ಸಾಲು ತೊದಲದೆ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು ಎಂದು ಶೆರಿಲ್ ನೆನೆಯುತ್ತಿದ್ದರು. ಹಾಡುತ್ತಾ ಹಾಡುತ್ತಾ ಜೋನ್ಸ್ ಇನ್ನೊಬ್ಬ ಗಾಯಕ ಕ್ರಿಸ್ ಕ್ರಿಸ್ಟೋಫರ್‌ಸನ್‌ರ ಬೇರೊಂದು ಹಾಡಿನ ರಾಗಕ್ಕೆ ಜಾರುತ್ತಿದ್ದರಂತೆ. ಇಷ್ಟು ದುಃಖದ ಹಾಡನ್ನು ಯಾರೂ ಕೊಳ್ಳುವುದಿಲ್ಲ ಅನ್ನುವುದು ಜೋನ್ಸ್ ವಾದ. ಆದರೆ ಜುಲೈ ಹೊತ್ತಿಗೆ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನದಲ್ಲಿತ್ತು. ಗ್ರ್ಯಾಮಿ ಪ್ರಶಸ್ತಿ ಬಂತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಇದನ್ನೇ 1980 ಮತ್ತು 1981, ಎರಡೂ ವರ್ಷ ವರ್ಷದ ಹಾಡು ಎಂದು ಆರಿಸಿತು.

ಒಂದು ಎಚ್ಚರಿಕೆ. ಗಾಯಕಿ ಟ್ಯಾಮಿ ವೈನೆಟ್ ಜೊತೆಗಿನ ಜೋನ್ಸ್ ಮದುವೆ 1975ರಲ್ಲಿ ಮುರಿದಿತ್ತು. ಹಾಗಾಗಿ ಇದು ಅವರದೇ ಕಥೆ ಅಂತ ಸುಮ್ನೆ ಬರೆದುಬಿಡಬೇಡಿ. ಬರೆದವರು ಬೇರೆ. ಕೇಳಿದವರು ಹಾಗೆ ಕೇಳಿಕೊಂಡರು ಎಂದು ಬರೆದರೆ ಸರಿ.

ಇನ್ನು ನೀವೇ ಮಾಡಿ ನೋಡಿ. ಇದನ್ನು ಕನ್ನಡಕ್ಕೆ ತಂದರೆ ಕಥೆ ಹೇಳುವ ಗೆಳೆಯ ‘ಅವನು’ ಅನ್ನುತ್ತಾನಾ, ‘ಅವರು’ ಅನ್ನುತ್ತಾನಾ? ನಾನು ‘ಅವನು’ ಅಂತ ಬರೆದೆ. ಬಾಗಿಲಿಗೆ ಹೂವು ಬಂದ ಮೇಲೆ ಕೈ ತಾನಾಗಿ ‘ಅವರು’ ಅಂತ ತಿದ್ದಲು ಹೋಯಿತು.