ಒಳ್ಳೆಯವರಾಗಿರಲು ಬಿಡುವ ಬೀದಿ

ಬೇರೆ ಊರಿಗೆ ಹೋಗಿಬಿಟ್ಟರೆ ನೆಮ್ಮದಿಯಾಗಿ ಇರಬಹುದು ಅನ್ನುವ ಯೋಚನೆ ಯಾರಿಗೆ ಬಂದಿಲ್ಲ? 1998ರಲ್ಲಿ ಸಂಶೋಧಕರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನಮನ್ ಈ ಆಸೆಯನ್ನೇ ಪರೀಕ್ಷೆಗೆ ಇಟ್ಟರು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು, ಕಡಲತೀರ. ದೇಶದ ನಡುಭಾಗದ ರಾಜ್ಯಗಳು ಅಂದರೆ ಕೊರೆಯುವ ಚಳಿ. ಎರಡೂ ಕಡೆಯ ವಿದ್ಯಾರ್ಥಿಗಳನ್ನು ಕೇಳಿದಾಗ, ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖವಾಗಿರುತ್ತಾರೆ ಅಂತ ಎರಡೂ ಕಡೆಯವರು ಹೇಳಿದರು. ಆದರೆ ತಂತಮ್ಮ ಬದುಕಿಗೆ ಅವರು ಕೊಟ್ಟುಕೊಂಡ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತ ಸುಮ್ನೆ ಹೇಳಿಲ್ಲ. ಊರು ಬದಲಿಸುವ ಯೋಚನೆ ಬಂದಾಗ ನಮ್ಮ ಕಣ್ಣಿಗೆ ಬೀಳುವುದು ಹವೆ, ನೋಟ ಇಂಥವೇ. ಅಲ್ಲಿಗೆ ಹೋಗಿ ನೆಲೆಸಿದ ಮೇಲೆ ದಿನವಿಡೀ ಹವೆಯನ್ನೇ ನೆನೆಯುತ್ತಾ ಯಾರೂ ಕೂರುವುದಿಲ್ಲ.

ಹಾಗಂತ ಇರುವ ಜಾಗಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಜಾಗ ನಮ್ಮನ್ನು ಮುಟ್ಟುವ ದಾರಿ ಬೇರೆ. ನಾವು ಅಕ್ಕಪಕ್ಕದವರ ಜೊತೆ ಹೇಗೆ ನಡೆದುಕೊಳ್ಳುತ್ತೇವೆ, ಅವರು ನಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ಅದು ಬದಲಿಸುತ್ತದೆ. ನೆಮ್ಮದಿ ಬಹುಪಾಲು ಆ ದಾರಿಯಲ್ಲೇ ಬರುತ್ತದೆ ಅನ್ನುವುದು ಈ ಸಂಶೋಧನೆಗಳನ್ನೆಲ್ಲ ಓದಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು.

ನಗರ ಯೋಜನೆಯ ಪ್ರೊಫೆಸರ್ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಅಧ್ಯಯನ ಮಾಡಿ 1972ರಲ್ಲಿ ವರದಿ ಪ್ರಕಟಿಸಿದರು. ಮೂರೂ ಜನ ವಾಸಿಸುವ ಬೀದಿಗಳೇ. ದೊಡ್ಡ ವ್ಯತ್ಯಾಸ ಅಂದರೆ ವಾಹನಗಳದ್ದು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ ಓಡುತ್ತಿದ್ದವು, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ನಿಮ್ಮ ಬೀದಿಯಲ್ಲಿ ಗೆಳೆಯರು ಎಷ್ಟು ಜನ ಅಂತ ಕೇಳಿದಾಗ, ವಾಹನ ಕಡಿಮೆ ಇದ್ದ ಬೀದಿಯವರು ಸರಾಸರಿ 3 ಅಂದರು. ಎರಡನೆಯದರಲ್ಲಿ ಅದು 1.3ಕ್ಕೆ ಇಳಿಯಿತು. ವಾಹನ ಜಾಸ್ತಿ ಇದ್ದ ಬೀದಿಯಲ್ಲಿ 0.9. ಒಬ್ಬರಿಗೆ ಒಬ್ಬ ಗೆಳೆಯನೂ ಪೂರ್ತಿ ಇಲ್ಲ!

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ನಿಮ್ಮದು ಅನ್ನಿಸುವ ಜಾಗ ಎಲ್ಲಿಯವರೆಗೆ ಇದೆ ಅಂತ ಜನರನ್ನು ವಿಚಾರಿಸಿ ನಕ್ಷೆಯಲ್ಲಿ ಗುರುತಿಸಲಾಯಿತು. ಕಡಿಮೆ ವಾಹನದ ಬೀದಿಯವರಿಗೆ ಇಡೀ ಬೀದಿಯೇ ತಮ್ಮದು. ಮಕ್ಕಳು ಆಡುತ್ತಾರೆ, ದೊಡ್ಡವರು ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಅತ್ತ ವಾಹನಗಳ ಬೀದಿಯಲ್ಲಿ 'ನಮ್ಮದು' ಅನ್ನುವುದು ಬಾಗಿಲ ಒಳಗೇ ಮುಗಿದುಹೋಗಿತ್ತು. ಬಾಗಿಲಾಚೆಗಿನ ಜಾಗ ನಮ್ಮದಲ್ಲ ಅನ್ನಿಸಿದರೆ ಅಲ್ಲಿ ಬಿದ್ದವರನ್ನು ಎತ್ತುವುದೂ ನಮ್ಮ ಕೆಲಸ ಅನ್ನಿಸುವುದಿಲ್ಲ, ಅಲ್ವಾ? ಆಪಲ್‌ಯಾರ್ಡ್ ಮಾತಾಡಿಸಿದ್ದು ಕಡಿಮೆ ಜನರನ್ನು, ನಿಜ. ಆದರೆ ಬಹಳ ವರ್ಷಗಳ ನಂತರ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇದೇ ಬಗೆಯ ಅಧ್ಯಯನ ನಡೆದಾಗಲೂ ಕಂಡದ್ದು ಇದೇ ಚಿತ್ರ.

ಒಳ್ಳೆಯತನ ಮನುಷ್ಯನ ಒಳಗಿನದು, ಬೀದಿಗೂ ಅದಕ್ಕೂ ಏನು ನಂಟು ಅಂತ ಕೇಳುವವರಿಗೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಬೇಕು, ಇಷ್ಟೇ ಕೆಲಸ. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲ್‌ನ ಒಂದು ಕತೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಬೇರೆಯವರು ಬಿಟ್ಟುಹೋದಾಗ ಪರಜಾತಿಯವನೊಬ್ಬ ಕಾಪಾಡುವ ಕತೆ. ವಿದ್ಯಾರ್ಥಿಗಳು ಹೋಗುವ ದಾರಿಯಲ್ಲೂ ಒಬ್ಬ ತಲೆ ತಗ್ಗಿಸಿ ಕುಸಿದು ಕೂತಿದ್ದ. ಕೆಮ್ಮುತ್ತಿದ್ದ, ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಸಂಶೋಧಕರೇ.

ಸಮಯ ಬೇಕಾದಷ್ಟಿದೆ ಅಂತ ಹೇಳಿ ಕಳಿಸಿದವರಲ್ಲಿ 63% ಜನ ನಿಂತು ನೆರವಾದರು. ಆಗಲೇ ತಡವಾಗಿದೆ, ಬೇಗ ಹೋಗಿ ಅಂದಾಗ ನಿಂತವರು 10% ಮಾತ್ರ. ಆ ಕತೆಯನ್ನೇ ಹೇಳಲು ಹೊರಟವರಲ್ಲಿ ಕೆಲವರು ಅವಸರದಲ್ಲಿ ಆ ಮನುಷ್ಯನನ್ನು ದಾಟಿಕೊಂಡೇ ಹೋದರು. ಇವರು ಕೆಟ್ಟವರು ಅಂತ ನಾನು ಹೇಳಲಾರೆ. ಅವಸರದಲ್ಲಿದ್ದವರಿಗೆ ಪಕ್ಕದಲ್ಲಿ ಏನಾಗುತ್ತಿದೆ ಅನ್ನುವುದು ಅರಿವಿಗೇ ಬರದೆ ಹೋಗಬಹುದು. ಹಾಗೆ ನೋಡಿದರೆ, ದಿನಾ ಓಡಿಸುವ ಜಾಗದಲ್ಲಿ ವರ್ಷಗಟ್ಟಲೆ ಇರುವವರ ಒಳ್ಳೆಯತನ ಎಷ್ಟು ಸಲ ಒಳಗೇ ಉಳಿದುಬಿಡುತ್ತದೋ!

ಅದು ಒಳಗೇ ಉಳಿದರೆ ನಷ್ಟ ನೆರವು ಬೇಕಾದವನಿಗೆ ಮಾತ್ರ ಅಲ್ಲ. ಒಳ್ಳೆಯ ಗುಣಗಳು ನಡೆಯಲ್ಲಿ ಇಳಿದಾಗಲೇ ಬದುಕು ಸುಖದ ಬದುಕು ಅಂತ ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ವಾದಿಸಿದ್ದ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆನಡಾದಲ್ಲಿ ಇದಕ್ಕೆ ಹತ್ತಿರದ ಮಾತೊಂದನ್ನು ಅಳೆದು ನೋಡಿದರು. ಬೆಳಿಗ್ಗೆ ಜನರಿಗೆ 5 ಅಥವಾ 20 ಡಾಲರ್ ಇದ್ದ ಲಕೋಟೆ ಕೊಟ್ಟರು. ಕೆಲವರು ಅದನ್ನು ತಮಗಾಗಿ, ಕೆಲವರು ಬೇರೆಯವರಿಗಾಗಿ ಸಂಜೆಯೊಳಗೆ ಖರ್ಚು ಮಾಡಬೇಕಿತ್ತು. ಸಂಜೆ ಹೆಚ್ಚು ಖುಷಿಯಾಗಿದ್ದವರು ಬೇರೆಯವರಿಗೆ ಖರ್ಚು ಮಾಡಿದವರು. ಮೊತ್ತ 5 ಆದರೇನು, 20 ಆದರೇನು, ವ್ಯತ್ಯಾಸ ಬೀಳಲಿಲ್ಲ. ಕೊಟ್ಟದ್ದು ಯಾರಿಗೆ ತಲುಪಿತು, ಅದರಿಂದ ಏನಾಯಿತು ಅಂತ ಕಣ್ಣಾರೆ ಕಂಡಾಗ ಈ ಖುಷಿ ಇನ್ನೂ ಜಾಸ್ತಿ ಅಂತ ಮುಂದಿನ ಅಧ್ಯಯನಗಳು ತೋರಿಸಿದವು. ಮುಖ ಪರಿಚಯ ಇರುವ ನೆರೆಹೊರೆ ಕೊಡುವುದು ಇದನ್ನೇ.

ಸುಖಿಗಳೇ ಒಳ್ಳೆಯ ಬಡಾವಣೆಗೆ ಹೋಗುತ್ತಾರೇನೋ ಅನ್ನುವ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವಂಥ ಒಂದು ದೊಡ್ಡ ಪ್ರಯೋಗ ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಐದು ನಗರಗಳ ತೀರಾ ಬಡ ಬಡಾವಣೆಗಳಲ್ಲಿದ್ದ 4,600ಕ್ಕೂ ಹೆಚ್ಚು ಕುಟುಂಬಗಳ ಹೆಸರಲ್ಲಿ ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆ ಇದ್ದ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಕೊಟ್ಟರು. 10–15 ವರ್ಷಗಳ ನಂತರ ನೋಡಿದಾಗ ದೊಡ್ಡವರ ಸಂಪಾದನೆ ಏರಿರಲಿಲ್ಲ. ನೆಮ್ಮದಿ ಮಾತ್ರ ಏರಿತ್ತು.

ಇನ್ನು 2019ರಲ್ಲಿ ಪ್ರಕಟವಾದ ಪರ್ಸುಗಳ ಪ್ರಯೋಗದ ಕತೆ. ಸಂಶೋಧಕರು 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು 'ದಾರಿಯಲ್ಲಿ ಸಿಕ್ಕಿತು' ಅಂತ ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಸಿಬ್ಬಂದಿಯ ಕೈಗೆ ಕೊಟ್ಟರು. ಒಳಗೆ ಮಾಲೀಕನ ಇಮೇಲ್ ವಿಳಾಸ, ಒಂದು ಕೀ, ಅಂಗಡಿ ಸಾಮಾನಿನ ಚೀಟಿ. ಕೆಲವದರಲ್ಲಿ ದುಡ್ಡೂ ಇತ್ತು. ದುಡ್ಡಿದ್ದರೆ ಹಿಂತಿರುಗಿಸುವವರು ಕಡಿಮೆ ಅಂತ ಜನ ಊಹಿಸಿದ್ದರು. ಆದದ್ದು ಉಲ್ಟಾ. ದುಡ್ಡಿಲ್ಲದ ಪರ್ಸುಗಳಲ್ಲಿ 40% ಮಾಲೀಕರಿಗೆ ಸುದ್ದಿ ಬಂದರೆ, ದುಡ್ಡಿದ್ದವುಗಳಲ್ಲಿ 51%.

2025ರ ವಿಶ್ವ ಸಂತೋಷ ವರದಿ ಈ ಎಳೆಯನ್ನೇ ಮುಂದೆ ಎಳೆಯಿತು. ಕಳೆದ ಪರ್ಸು ವಾಪಸ್ ಬರುತ್ತದೆ ಅಂತ ನಂಬುವವರು ಹೆಚ್ಚು ಸುಖವಾಗಿದ್ದಾರೆ, ಆದರೆ ಜನರ ಆ ನಂಬಿಕೆ ನಿಜವಾಗಿ ವಾಪಸ್ ಬರುವ ಪ್ರಮಾಣಕ್ಕಿಂತ ತುಂಬಾ ಕೆಳಗಿದೆ. ನಾವಿರುವ ಜಾಗ ನಾವು ಅಂದುಕೊಂಡದ್ದಕ್ಕಿಂತ ಒಳ್ಳೆಯದು ಅಂತಾಯಿತು. ಈ ತಪ್ಪು ಅಂದಾಜನ್ನು ಸರಿಪಡಿಸಲು ಸಾಧ್ಯವೇ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಸರಳ ಉಪಾಯ ಮಾಡಿ ನೋಡಿದ್ದಾರೆ. ಜೊತೆಯವರಲ್ಲಿ ಎಷ್ಟು ಜನ ಬೇರೆಯವರಿಗೆ ನೆರವಾಗಲು ಇಷ್ಟಪಡುತ್ತಾರೆ ಅನ್ನುವ ನಿಜವಾದ ಅಂಕಿಯನ್ನೇ ಪೋಸ್ಟರ್ ಮಾಡಿ ಹಾಸ್ಟೆಲ್ ಗೋಡೆಗಳಿಗೆ ಅಂಟಿಸಿದರು. ಅಂಥ ಹಾಸ್ಟೆಲ್‌ಗಳಲ್ಲಿ ಹೊಸಬರನ್ನು ತಾವಾಗಿ ಮಾತಾಡಿಸಲು ಮುಂದಾಗುವ ವಿದ್ಯಾರ್ಥಿಗಳು ಹೆಚ್ಚಿದರು.