40 ಹಿಟ್ ಪಾಯಿಂಟ್‌ನ ಮಾಂತ್ರಿಕ: ನಡು ಲೆವೆಲ್‌ನ ಖಳ ಬೆಳೆದುಬಂದ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೇಜಿನ ಸುತ್ತ ಕೂತು ಆಡುವ ಕಥೆಯಾಟ: ಒಬ್ಬರು ಕಥೆ ಕಟ್ಟಿ, ಖಳರ ಪಾತ್ರ ವಹಿಸಿ ಆಟ ನಡೆಸುತ್ತಾರೆ, ಉಳಿದವರು ತಲಾ ಒಬ್ಬ ಸಾಹಸಿಯ ಪಾತ್ರ ಆಡುತ್ತಾರೆ. ಆ ಪಾತ್ರಗಳ ಬಲ ಲೆವೆಲ್‌ಗಳಲ್ಲಿ ಏರುತ್ತದೆ. ತಂಡ 5ನೇ ಲೆವೆಲ್ ಮುಟ್ಟಿತೆಂದರೆ ಆಟ ನಡೆಸುವವರಿಗೆ ಹೊಸ ಚಿಂತೆ ಶುರುವಾಗುತ್ತದೆ. ನಿನ್ನೆಯವರೆಗೆ ನಾಲ್ಕು ಗಾಬ್ಲಿನ್‌ಗಳನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದವರಿಗೆ ಇಂದು ಬೆಂಕಿಯುಂಡೆ ಎಸೆಯುವ ಫೈರ್‌ಬಾಲ್ ಮಂತ್ರ ಸಿಕ್ಕಿದೆ, ಹಾರುವ ಮಂತ್ರ ಸಿಕ್ಕಿದೆ. ಈಚಿನ ನಿಯಮಗಳಲ್ಲಾದರೆ ಯೋಧ ಒಂದೇ ಸರದಿಯಲ್ಲಿ ಎರಡು ಸಲ ಕತ್ತಿ ಬೀಸುತ್ತಾನೆ. ದಾರಿಗಳ್ಳರ ಮುಖಂಡ ಇವರಿಗೆ ಸಾಟಿಯಲ್ಲ. ಲೋಕವನ್ನೇ ನುಂಗಹೊರಟ ರಾಕ್ಷಸರಾಜನ ಕಾಲ ಇನ್ನೂ ಬಂದಿಲ್ಲ. 5ರಿಂದ 10ನೇ ಲೆವೆಲ್‌ವರೆಗಿನ ಈ ನಡುದಾರಿಯಲ್ಲಿ ಎದುರು ನಿಲ್ಲುವವರು ಯಾರು?

2014ರ ಐದನೇ ಆವೃತ್ತಿಯ ಮಾನ್‌ಸ್ಟರ್ ಮ್ಯಾನ್ಯುಅಲ್‌ನಲ್ಲಿ, ಎಂದರೆ ಎದುರಾಳಿಗಳ ಅಂಕಿಗಳಿರುವ ಪುಸ್ತಕದಲ್ಲಿ, ಈ ಜಾಗಕ್ಕೆಂದೇ ಹೇಳಿ ಮಾಡಿಸಿದಂತೆ ಕಾಣುವ ಒಬ್ಬ ಮಾಂತ್ರಿಕನಿದ್ದಾನೆ. ಎದುರಾಳಿ ಎಷ್ಟು ಕಠಿಣ ಎಂಬುದನ್ನು ಹೇಳುವ ಚಾಲೆಂಜ್ ರೇಟಿಂಗ್ 6. ಅವನಿಗೂ ಫೈರ್‌ಬಾಲ್ ಬರುತ್ತದೆ, ಎದುರಾಳಿಯ ಮಂತ್ರವನ್ನು ಮುರಿಯುವ ಕೌಂಟರ್‌ಸ್ಪೆಲ್ ಬರುತ್ತದೆ. ಆದರೆ ಅವನ ಹಿಟ್ ಪಾಯಿಂಟ್, ಎಂದರೆ ಬೀಳುವ ಮೊದಲು ತಾಳಬಲ್ಲ ಪೆಟ್ಟಿನ ಲೆಕ್ಕ, 40 ಮಾತ್ರ. ಆಟಗಾರರ ಒಂದು ಫೈರ್‌ಬಾಲ್ ಸರಾಸರಿ 28 ಕಳೆಯುತ್ತದೆ, ಉಳಿದ 12ಕ್ಕೆ ಯೋಧನ ಒಂದು ಸರದಿ ಸಾಕು. ವಾರಗಟ್ಟಲೆ ಕಥೆ ಕಟ್ಟಿ, ಊರೂರಲ್ಲಿ ಅವನ ಹೆಸರು ಹೇಳಿಸಿ ಬೆಳೆಸಿದ ಖಳ ತನ್ನ ಎರಡನೇ ಸರದಿ ಬರುವ ಮೊದಲೇ ಸತ್ತದ್ದನ್ನು ನಾನು ಮೇಜಿನ ಈಚೆ ಬದಿಯಿಂದ ನೋಡಿದ್ದೇನೆ. ಅಂದು ಗೆದ್ದವರ ಮುಖದಲ್ಲೂ ಗೆಲುವಿನ ಕಳೆ ಇರಲಿಲ್ಲ. ಯಾರನ್ನು ಗೆದ್ದೆವು ಎಂಬುದೇ ಅವರಿಗೆ ತಿಳಿದಿರಲಿಲ್ಲ.

ತೊಡಕು ಲೆಕ್ಕದ್ದು. ನಾಲ್ವರ ತಂಡಕ್ಕೆ ಒಂದು ಸುತ್ತಿನಲ್ಲಿ ನಾಲ್ಕು ಸರದಿ, ಒಂಟಿ ಖಳನಿಗೆ ಒಂದೇ. ಈ ಲೆಕ್ಕ ಆಟಕ್ಕಿಂತಲೂ ಹಳೆಯದು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ರಚಿಸಿದ ಚೈನ್‌ಮೇಲ್ ಎಂಬುದು ಪುಟ್ಟ ಗೊಂಬೆಗಳನ್ನಿಟ್ಟು ಮಧ್ಯಯುಗದ ಕಾಳಗ ಆಡುವ ಯುದ್ಧದಾಟ. ಅದಕ್ಕೆ ಮಾಂತ್ರಿಕರು, ಡ್ರ್ಯಾಗನ್‌ಗಳು ಬರುವ ಒಂದು ಅನುಬಂಧವೂ ಇತ್ತು. ಅದರಲ್ಲಿ 'ಹೀರೋ' ನಾಲ್ಕು ಸೈನಿಕರಿಗೆ ಸಮ, 'ಸೂಪರ್‌ಹೀರೋ' ಎಂಟು ಸೈನಿಕರಿಗೆ ಸಮ. ಹೀರೋ ಬೀಳಬೇಕಾದರೆ ನಾಲ್ಕು ಮಾರಕ ಪೆಟ್ಟುಗಳು ಒಟ್ಟಿಗೇ ಬೀಳಬೇಕು. ಮೂರು ಬಿದ್ದರೆ ಅವನಿಗೆ ಗೀರೂ ಆಗಿಲ್ಲವೆಂದೇ ಲೆಕ್ಕ.

1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದಾಗ 4ನೇ ಲೆವೆಲ್‌ನ ಯೋಧನಿಗೆ 'ಹೀರೋ' ಎಂಬ ಅದೇ ಬಿರುದು ಉಳಿಯಿತು, 8ನೇ ಲೆವೆಲ್‌ಗೆ 'ಸೂಪರ್‌ಹೀರೋ'. ಆದರೆ ಈಗ ಮೇಜಿನ ಸುತ್ತ ಕೂತ ಪ್ರತಿಯೊಬ್ಬರ ಪಾತ್ರವೂ ಆ ಎತ್ತರಕ್ಕೆ ಏರುತ್ತಿತ್ತು. ಹಲವರಿಗೆ ಒಬ್ಬ ಸಮನಾಗುವ ಬಲ ಆಟಗಾರರ ಪಾಲಾಯಿತು. ಪೆಟ್ಟುಗಳೂ ಒಂದರ ಮೇಲೊಂದು ಕೂಡಿಕೊಳ್ಳತೊಡಗಿದವು. ಎದುರಿಗೆ ನಿಂತ ಖಳ ಒಬ್ಬಂಟಿಯಾದ.

ಆರಂಭದ ದಿನಗಳಲ್ಲಿ ಇದಕ್ಕೆ ಸಿಕ್ಕ ಉತ್ತರ ಸರಳವಾಗಿತ್ತು: ಖಳನನ್ನು ಒಬ್ಬಂಟಿಯಾಗಿ ಬಿಡಬೇಡಿ. ಗೈಗ್ಯಾಕ್ಸ್ 1979ರಲ್ಲಿ ಬರೆದ ಹಾಮ್ಲೆಟ್ ಎಂಬ ಹಳ್ಳಿಯ ಸಾಹಸಕಥೆಯಲ್ಲಿ ಲಾರೆತ್ ಎಂಬ ಚೆಲುವ ಪುರೋಹಿತನಿದ್ದಾನೆ. ಅವನದು ಬರೀ 5ನೇ ಲೆವೆಲ್. ಹಾಳುಬಿದ್ದ ಕೋಟೆಯ ನೆಲಮಾಳಿಗೆಯಲ್ಲಿ ಕಾವಲುಗಾರರ ನಡುವೆ ಇರುತ್ತಾನೆ. ಆದರೆ ನನ್ನ ಮಟ್ಟಿಗೆ ಅವನ ನಿಜವಾದ ಬಲ ಆ ಕಾವಲಲ್ಲಿಲ್ಲ, ಹಳ್ಳಿಯ ಅಂಗಡಿಯಲ್ಲಿದೆ. ಆಟಗಾರರು ಹಗ್ಗ, ಪಂಜು ಕೊಳ್ಳಲು ಹೋಗುವ ಅಂಗಡಿಯ ಇಬ್ಬರು ವರ್ತಕರು ಅವನ ಕಡೆಯವರು. ತಂಡ ಕೋಟೆಯತ್ತ ಹೊರಡುವ ಮೊದಲೇ ಅವರು ಯಾರು, ಏನು ಕೊಂಡರು ಎಂಬ ಸುದ್ದಿ ಅಲ್ಲಿಗೆ ತಲುಪಬಹುದು.

ಅದಕ್ಕೂ ಒಂದು ವರ್ಷ ಮೊದಲು, 1978ರ ದೈತ್ಯರ ಕಥಾಸರಣಿಯಲ್ಲಿ, ಗೈಗ್ಯಾಕ್ಸ್ ಇನ್ನೊಂದು ದಾರಿ ತೋರಿದ್ದರು. ಬೆಟ್ಟದ, ಹಿಮದ, ಬೆಂಕಿಯ ದೈತ್ಯರನ್ನು ಒಂದಾದ ಮೇಲೊಂದರಂತೆ ಎದುರಿಸುತ್ತ ಹೋದ ಆಟಗಾರರಿಗೆ, ಇವರನ್ನೆಲ್ಲ ಎತ್ತಿಕಟ್ಟಿದವಳು ಎಕ್ಲಾವ್‌ಡ್ರಾ ಎಂಬ ಡ್ರೌ (ನೆಲದಾಳದಲ್ಲಿ ಬದುಕುವ ಎಲ್ಫ್ ಕುಲ) ಪುರೋಹಿತೆ ಎಂದು ತಿಳಿಯುತ್ತದೆ. ಅವಳು ತಪ್ಪಿಸಿಕೊಂಡರೆ ನೆಲದಾಳದ ಅವಳ ಊರಿನಲ್ಲಿ ಮತ್ತೆ ಎದುರಾಗಬಹುದು. ಅಲ್ಲಿ ನೋಡಿದರೆ ಅವಳಿಗೂ ತನ್ನ ಮನೆತನದ ಹಟವಿದೆ, ಎದುರಾಳಿ ಮನೆತನಗಳ ಕಾಟವಿದೆ. ನಡು ಲೆವೆಲ್‌ನ ಖಳ ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ಮೇಲಿನವರ ಭಯ, ಕೆಳಗಿನವರ ಮೇಲೆ ಅಧಿಕಾರ, ಪಕ್ಕದವರ ಮೇಲೆ ಮತ್ಸರ ಮೂರೂ ಇರುವ ವ್ಯಕ್ತಿ. ತುದಿಯಲ್ಲಿ ಕೂತ ರಾಕ್ಷಸರಾಜನಿಗೆ ಈ ಮೂರರಲ್ಲಿ ಎರಡು ಇರುವುದಿಲ್ಲ.

1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಯ ರೇವನ್‌ಲಾಫ್ಟ್ ಎಂಬ ಸಾಹಸಕಥೆ ಬಂತು. ಅದನ್ನು ಬರೆದದ್ದು 5ರಿಂದ 7ನೇ ಲೆವೆಲ್‌ನ ಪಾತ್ರಗಳಿಗೆ, ಎಂದರೆ ನಮ್ಮ ಈ ನಡುದಾರಿಗೇ. ಎದುರಾಳಿ ಸ್ಟ್ರಾಡ್ ಎಂಬ ವ್ಯಾಂಪೈರ್ ದೊರೆ. ತಮ್ಮನ ವಧುವನ್ನು ಬಯಸಿ, ತಮ್ಮನನ್ನೇ ಕೊಂದು, ಅವಳನ್ನೂ ಕಳೆದುಕೊಂಡವನು. ಅದಕ್ಕೂ ಮುಂಚೆ ವ್ಯಾಂಪೈರ್ ಎಂದರೆ ಗುಹೆಯ ಯಾವುದೋ ಕೋಣೆಯಲ್ಲಿ ಬಾಗಿಲು ತೆರೆಯುವವರಿಗಾಗಿ ಕಾಯುತ್ತ ಕೂರುವ ಪ್ರಾಣಿಯಾಗಿರಬಹುದಿತ್ತು. ಸ್ಟ್ರಾಡ್ ಕಾಯುವುದಿಲ್ಲ. ಅವನೇ ಬರುತ್ತಾನೆ. ಒಮ್ಮೆ ಹೊಡೆದು, ತಂಡದ ಬಲ ಅಳೆದು, ಮಂಜಾಗಿ ಜಾರಿಹೋಗುತ್ತಾನೆ. ಕೋಟೆ ಅವನದು, ಯಾವ ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆಂದು ಅವನಿಗೆ ಗೊತ್ತು. ಕಾಳಗ ಯಾವಾಗ, ಎಲ್ಲಿ ಎಂಬುದನ್ನೂ ಅವನೇ ನಿರ್ಧರಿಸುತ್ತಾನೆ. ಅವನು ಎಲ್ಲಿ ಸಿಗುತ್ತಾನೆ, ಅವನ ಉದ್ದೇಶ ಏನು ಎಂಬುದು ಕಥೆಯೊಳಗಿನ ಕಣಿ ಹೇಳುವಾಕೆಯ ಇಸ್ಪೀಟ್ ಎಲೆಗಳಿಂದ ತೀರ್ಮಾನವಾಗುವುದರಿಂದ ಒಂದು ಮೇಜಿನ ಕಥೆ ಇನ್ನೊಂದರಂತೆ ಇರುವುದಿಲ್ಲ. ನಮ್ಮ ಭಾಷೆಯಲ್ಲಿ ಖಳನಾಯಕ, ಪ್ರತಿನಾಯಕ ಎಂಬ ಎರಡು ಮಾತುಗಳಿವೆ. ಖಳನಿಗೆ ಕೆಟ್ಟತನ ಇದ್ದರೆ ಸಾಕು. ಪ್ರತಿನಾಯಕನಿಗೆ ನಾಯಕನಷ್ಟೇ ಗಟ್ಟಿಯಾದ ಬಯಕೆ ಬೇಕು. ಸ್ಟ್ರಾಡ್ ಎರಡನೇ ಸಾಲಿಗೆ ಸೇರಿದವನು. ಈ ಬಗೆಯ ಆಟಕ್ಕೆ ಅದು ದೊಡ್ಡ ತಿರುವು.

1987ರ ನವೆಂಬರ್‌ನಲ್ಲಿ, ಈ ಆಟಕ್ಕೆ ಮೀಸಲಾದ ಡ್ರ್ಯಾಗನ್ ಪತ್ರಿಕೆಯ 127ನೇ ಸಂಚಿಕೆಯ ಸಂಪಾದಕೀಯದಲ್ಲಿ ರೋಜರ್ ಮೂರ್ ಇದರ ಇನ್ನೊಂದು ಮಗ್ಗುಲನ್ನು ಬಿಡಿಸಿಟ್ಟರು. ಟಕರ್ ಎಂಬವರು ನಡೆಸುತ್ತಿದ್ದ ಆಟದಲ್ಲಿ ಕೋಬೋಲ್ಡ್‌ಗಳು, ಎಂದರೆ ಆಟದಲ್ಲೇ ತೀರ ದುರ್ಬಲವಾದ ಜೀವಿಗಳು, ಬಲಾಢ್ಯ ಪಾತ್ರಗಳನ್ನು ಓಡಿಸಿಬಿಡುತ್ತಿದ್ದವು. ಇಕ್ಕಟ್ಟಾದ ಸುರಂಗ, ಗೋಡೆಯಲ್ಲಿ ಬಾಣ ಬಿಡುವ ಕಂಡಿ, ಹಿಂದಿನಿಂದ ಬೆಂಕಿ. ಅವುಗಳ ಅಂಕಿ ಒಂದೂ ಬದಲಾಗಿರಲಿಲ್ಲ.

ಆದರೆ ಮುಂದಿನ ಎರಡು ದಶಕ ಮುಖ್ಯ ನಿಯಮಗಳು ಅಂಕಿಯ ಹಾದಿಯನ್ನೇ ಹಿಡಿದವು. ಅದರಲ್ಲಿ ತಪ್ಪೇನಿಲ್ಲ, ಹೊಸದಾಗಿ ಆಟ ನಡೆಸುವವರಿಗೆ ಒಂದು ಅಳತೆಗೋಲು ಬೇಕಿತ್ತು. 2000ದ ಮೂರನೇ ಆವೃತ್ತಿ ಚಾಲೆಂಜ್ ರೇಟಿಂಗ್ ತಂದಿತು. ತಂಡದ ಲೆವೆಲ್‌ಗೆ ಸಮನಾದ ಎದುರಾಳಿ ನಾಲ್ವರ ಬಲದಲ್ಲಿ ಸುಮಾರು ಐದನೇ ಒಂದು ಭಾಗವನ್ನು ಖರ್ಚು ಮಾಡಿಸಬೇಕು ಎಂಬುದು ಅದರ ಲೆಕ್ಕ. ಸಮನಾದವನು ಐದನೇ ಒಂದು ಭಾಗಕ್ಕೇ ಮುಗಿದುಹೋದರೆ ವಿಲನ್ ಆಗುವುದು ಹೇಗೆ? ಹಾಗಾಗಿ ಹಲವರು ರೇಟಿಂಗನ್ನು ಮೂರು ನಾಲ್ಕು ಮೆಟ್ಟಿಲು ಏರಿಸಿದರು. ಆಗ ಇನ್ನೊಂದು ಕೇಡು ಬಂತು. ಆಟಗಾರರ ಏಟು ಅವನಿಗೆ ತಾಗುವುದೇ ಇಲ್ಲ, ಅವನ ಒಂದು ಏಟಿಗೆ ಇವರಲ್ಲೊಬ್ಬರು ಮಲಗುತ್ತಾರೆ. ಭಯವೇನೋ ಹುಟ್ಟುತ್ತದೆ. ಆದರೆ ಆ ಭಯದಲ್ಲಿ ಆಟಗಾರರು ಯೋಚಿಸಿ ಮಾಡಬಹುದಾದ ಕೆಲಸವೇ ಉಳಿಯುವುದಿಲ್ಲ.

2008ರ ನಾಲ್ಕನೇ ಆವೃತ್ತಿ ಈ ರೋಗವನ್ನು ಸರಿಯಾಗಿ ಗುರುತಿಸಿತು ಎಂದೇ ನನ್ನ ನಂಬಿಕೆ. ಅದರಲ್ಲಿ 'ಎಲೀಟ್' ಎಂದರೆ ಇಬ್ಬರಿಗೆ ಸಮ, 'ಸೋಲೋ' ಎಂದರೆ ಐವರಿಗೆ ಸಮ, 'ಮಿನಿಯನ್' ಎಂದರೆ ಒಂದೇ ಪೆಟ್ಟಿಗೆ ಬೀಳುವ ಪರಿವಾರ. ಚೈನ್‌ಮೇಲ್‌ನ ನಾಲ್ಕು ಸೈನಿಕರ ಹೀರೋ 37 ವರ್ಷಗಳ ನಂತರ ಮರಳಿ ಬಂದಿದ್ದ, ಈ ಸಲ ಖಳನ ಕಡೆಗೆ. ಅರ್ಧ ಹಿಟ್ ಪಾಯಿಂಟ್ ಕಳೆದಾಗ 'ಬ್ಲಡೀಡ್' ಎಂಬ ಸ್ಥಿತಿ ಬರುತ್ತಿತ್ತು, ಕೆಲವರು ಆಗಲೇ ಇನ್ನಷ್ಟು ಕೆರಳುತ್ತಿದ್ದರು. ಚಿಕಿತ್ಸೆಯ ಪ್ರಮಾಣ ಮಾತ್ರ ಮೊದಮೊದಲು ತಪ್ಪಿತು. ಸೋಲೋಗಳಿಗೆ ರಕ್ತ ಹೆಚ್ಚು, ಏಟು ಕಡಿಮೆ. ಫಲಿತಾಂಶ ಗೊತ್ತಾದ ಮೇಲೂ ಕಾಳಗ ಎಳೆಯುತ್ತಲೇ ಇತ್ತು. 2010ರ ಮೂರನೇ ಮಾನ್‌ಸ್ಟರ್ ಮ್ಯಾನ್ಯುಅಲ್ ಹೊತ್ತಿಗೆ ಏಟಿನ ಪ್ರಮಾಣ ಏರಿಸಿ ಅದನ್ನು ಸರಿಪಡಿಸಿದರು.

2014ರ ಐದನೇ ಆವೃತ್ತಿ ರಕ್ತದ ಬದಲು ಸರದಿಯನ್ನೇ ಕೊಟ್ಟಿತು. ಲೆಜೆಂಡರಿ ಆ್ಯಕ್ಷನ್ ಇರುವ ಜೀವಿ ಬೇರೆಯವರ ಸರದಿ ಮುಗಿದ ಕೂಡಲೇ ಏನಾದರೂ ಮಾಡಬಹುದು, ಸಾಮಾನ್ಯವಾಗಿ ಸುತ್ತಿಗೆ ಮೂರು ಸಲ. ಒಂದಕ್ಕೆ ನಾಲ್ಕು ಎಂಬ ಲೆಕ್ಕ ಇಲ್ಲಿ ನಿಜಕ್ಕೂ ಸರಿಹೋಯಿತು. ಆದರೆ ಇದು ಸಿಕ್ಕಿದ್ದು ಹೆಚ್ಚಾಗಿ ಬೆಳೆದ ಡ್ರ್ಯಾಗನ್‌ಗಳಂಥ ದೊಡ್ಡವರಿಗೆ. ನಮ್ಮ 40 ಹಿಟ್ ಪಾಯಿಂಟ್‌ನ ಮಾಂತ್ರಿಕನಿಗೆ ಒಂದೂ ಸಿಗಲಿಲ್ಲ. ಆ ಕೊರತೆಯನ್ನು ಹೊರಗಿನವರು ತುಂಬಿದರು. ಮ್ಯಾಟ್ ಕೋಲ್ವಿಲ್ ಅವರ ಎಂಸಿಡಿಎಂ ಸಂಸ್ಥೆ 2023ರಲ್ಲಿ ಹೊರತಂದ ಜೀವಿಗಳ ಪುಸ್ತಕದಲ್ಲಿ ನಾಯಕ ಖಳರಿಗೆ ಮೂರು 'ವಿಲನ್ ಆ್ಯಕ್ಷನ್'ಗಳಿವೆ. ಕಾಳಗಕ್ಕೆ ತಲಾ ಒಂದೇ ಸಲ. ಮೊದಲನೆಯದು ಕಾಳಗಕ್ಕೆ ನಾಂದಿ, ಎರಡನೆಯದು ಮುತ್ತಿಗೆ ಹಾಕಿದವರನ್ನು ಚದುರಿಸಲು, ಮೂರನೆಯದು ಸರ್ವಶಕ್ತಿಯ ಹೊಡೆತ. ಮೂರು ಸುತ್ತು ಬದುಕುವ ಖಳನಿಗೆ ಇದು ಸರಿಯಾಗಿ ಹೊಂದುತ್ತದೆ.

ಈ ನಡುವೆ ಬೇರೆ ಆಟಗಳು ಕಾಲದ ಕಡೆಗೆ ಗಮನ ಹರಿಸಿದ್ದವು. 2010ರ ಅಪೊಕ್ಯಾಲಿಪ್ಸ್ ವರ್ಲ್ಡ್‌ನ 'ಫ್ರಂಟ್' ಎಂಬ ಕಲ್ಪನೆಯನ್ನು 2012ರ ಡಂಜನ್ ವರ್ಲ್ಡ್ ತನ್ನ ಲೋಕಕ್ಕೆ ಒಗ್ಗಿಸಿಕೊಂಡಿತು. ಯಾರೂ ತಡೆಯದಿದ್ದರೆ ಖಳನ ಕೆಲಸ ಯಾವ ಮೆಟ್ಟಿಲುಗಳಲ್ಲಿ ಮುಂದೆ ಸಾಗುತ್ತದೆ ಎಂದು ಆಟ ನಡೆಸುವವರು ಮೊದಲೇ ಬರೆದಿಡುತ್ತಾರೆ. ಆಟಗಾರರು ಬೇರೆ ಗುಹೆಗೆ ಹೋದರೆ ಹೋಗಲಿ, ಇಲ್ಲೊಂದು ಮೆಟ್ಟಿಲು ಏರಿರುತ್ತದೆ.

ಇಷ್ಟನ್ನೂ ಒಟ್ಟಿಗಿಟ್ಟುಕೊಂಡು ನಾನು ಈಗ ಖಳರನ್ನು ಕಟ್ಟುತ್ತೇನೆ. ಅದೇ 40 ಹಿಟ್ ಪಾಯಿಂಟ್‌ನ ಮಾಂತ್ರಿಕನ ಅಂಕಿಗಳನ್ನು ತೆಗೆದುಕೊಳ್ಳಿ, ಹೆಣ್ಣಾಗಿಸಿ, ಒಂದು ಅಣೆಕಟ್ಟಿನ ಮೇಲೆ ನಿಲ್ಲಿಸಿ. ಅಮಾವಾಸ್ಯೆಯೊಳಗೆ ತೂಬು ತೆರೆದು ಕಣಿವೆಯನ್ನು ಮುಳುಗಿಸಬೇಕೆಂದು ಅವಳ ಒಡೆಯನ ಅಪ್ಪಣೆ. ಅವಳಿಗೆ ಅದು ಇಷ್ಟವಿಲ್ಲ, ಅದೇ ಕಣಿವೆಯಲ್ಲಿ ಅವಳ ಗುರುವಿನ ಸಮಾಧಿಯಿದೆ. ಆದರೆ ತಪ್ಪಿದರೆ ಒಡೆಯ ಬಿಡುವುದಿಲ್ಲ. ಆಟಗಾರರನ್ನು ಹೊಳೆ ದಾಟಿಸಿದ ಅಂಬಿಗ ಅವಳ ಕಡೆಯವನು, ಹಾಗಾಗಿ ತಂಡದಲ್ಲಿ ಯಾರು ಬೆಂಕಿ ಎಸೆಯುತ್ತಾರೆಂದು ಅವಳಿಗೆ ಗೊತ್ತು. ಕೌಂಟರ್‌ಸ್ಪೆಲ್ ಅನ್ನು ಆ ಒಂದು ಕ್ಷಣಕ್ಕಾಗಿ ಕಾದಿಡುತ್ತಾಳೆ. ಕಿರಿದಾದ ಕಟ್ಟೆಯ ಮೇಲೆ ಯೋಧ ಅವಳನ್ನು ಮುಟ್ಟಬೇಕಾದರೆ ಎಂಟು ಕಾವಲುಗಾರರನ್ನು ದಾಟಬೇಕು. ಅರ್ಧ ಹಿಟ್ ಪಾಯಿಂಟ್ ಕಳೆದರೆ ಒಂದು ತೂಬು ತಾನಾಗಿ ತೆರೆದುಕೊಳ್ಳುತ್ತದೆ. ಈಗ ತಂಡ ಅವಳನ್ನು ಬೆನ್ನಟ್ಟಬೇಕೋ ತೂಬು ಮುಚ್ಚಬೇಕೋ? ಅವಳು ನೀರಿಗೆ ಹಾರಿ ಪಾರಾಗುವ ದಾರಿಯೂ ಇದೆ.

ಇಲ್ಲಿ ಆಟ ನಡೆಸುವವರು ಪ್ರಾಮಾಣಿಕರಾಗಿರಬೇಕು. ಆಟಗಾರರು ಮೊದಲೇ ಅಂಬಿಗನನ್ನು ಹಿಡಿದು ಸುಳ್ಳು ಸುದ್ದಿ ಕಳಿಸಿದರೆ ಅವಳು ಆ ಸುಳ್ಳನ್ನು ನಂಬಲಿ. ನೀರಿಗೆ ಬಲೆ ಹಾಸಿದ್ದರೆ ಸಿಕ್ಕಿಬೀಳಲಿ. ಎರಡನೇ ಸುತ್ತಿನಲ್ಲೇ ಸತ್ತರೂ ಸಾಯಲಿ, ಯಾಕೆಂದರೆ ಅವಳನ್ನು ಎರಡು ಸುತ್ತಿನಲ್ಲಿ ಕೆಡವಲು ಅವರು ಮೂರು ದಿನ ದುಡಿದಿದ್ದಾರೆ. ಅವಳ ಸೊಂಟದ ಚೀಲದಲ್ಲಿ ಒಡೆಯನಿಗೆ ಬರೆದು ಕಳಿಸದೆ ಉಳಿಸಿಕೊಂಡ ಓಲೆಯಿದೆ, ಕಣಿವೆಯನ್ನು ಬಿಟ್ಟುಬಿಡುವಂತೆ ಬೇಡಿಕೊಂಡದ್ದು. ತಂಡದಲ್ಲಿ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಅಷ್ಟರಲ್ಲಿ ಕಟ್ಟೆಯ ಆ ತುದಿಯಲ್ಲಿ ಬದುಕುಳಿದ ಒಬ್ಬ ಕಾವಲುಗಾರ ಒಡೆಯನ ಕೋಟೆಯತ್ತ ಕುದುರೆ ಏರಿರುತ್ತಾನೆ.