ಪದ ಪರಿಚಯ: ಹಸಿರು ನಡ್ಜ್

ನಡ್ಜ್ ಅಂದರೆ ಪಕ್ಕದವರನ್ನು ಮೊಣಕೈಯಿಂದ ಮೆಲ್ಲಗೆ ತಿವಿಯುವುದು. ದಂಡವಿಲ್ಲ, ಬಹುಮಾನವಿಲ್ಲ, ಆಯ್ಕೆಯನ್ನು ಕಿತ್ತುಕೊಳ್ಳುವುದೂ ಇಲ್ಲ. ಆಯ್ಕೆ ನಡೆಯುವ ಜಾಗದ ಏರ್ಪಾಡನ್ನಷ್ಟೇ ಬದಲಿಸಿ ನಡವಳಿಕೆಯನ್ನು ತಿರುಗಿಸುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕಾನೂನು ವಿದ್ವಾಂಸ ಕಾಸ್ ಸನ್‌ಸ್ಟೀನ್ 2008ರಲ್ಲಿ ಈ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದರು. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇದೇ ಉಪಾಯವನ್ನು ಕಾಗದ, ವಿದ್ಯುತ್, ಕಸದ ವಿಷಯದಲ್ಲಿ ಬಳಸಿದರೆ ಹಸಿರು ನಡ್ಜ್.

ಆಫೀಸಿನಲ್ಲಿ ಪೇಪರ್ ಕಪ್ ನಿಷೇಧಿಸಿದರೆ ಅದು ನಿಯಮ. ಸ್ಟೀಲ್ ಲೋಟಗಳನ್ನು ಕಾಫಿ ಮೆಷಿನ್ನಿನ ಪಕ್ಕದಲ್ಲಿಟ್ಟು, ಪೇಪರ್ ಕಪ್ಪನ್ನು ಕೇಳಿದವರಿಗೆ ಮಾತ್ರ ಕಪಾಟಿನಿಂದ ತೆಗೆದುಕೊಟ್ಟರೆ ಅದು ನಡ್ಜ್. (ಲೋಟ ತೊಳೆಯುವವರು ಯಾರೆಂದು ಮೊದಲೇ ಗೊತ್ತುಮಾಡದಿದ್ದರೆ ಸಿಂಕ್ ತುಂಬಿಹೋಗಿ ಪೇಪರ್ ಕಪ್ಪೇ ಮರಳಿ ಬರುತ್ತದೆ.)

ಇದರಲ್ಲಿ ಎಲ್ಲಕ್ಕಿಂತ ಬಲವಾದ ಸಾಧನ ಡಿಫಾಲ್ಟ್, ಅಂದರೆ ಯಾರೂ ಕೈಯಾಡಿಸದೆ ಇದ್ದರೆ ತಾನಾಗಿ ನಡೆಯುವ ಸೆಟ್ಟಿಂಗ್. ಸ್ವೀಡನ್ನಿನ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಪ್ರಿಂಟರ್‌ಗಳ ಡಿಫಾಲ್ಟನ್ನು ಒಂದು ಬದಿಯಿಂದ ಎರಡೂ ಬದಿಗೆ ಬದಲಿಸಿದಾಗ ಕಾಗದದ ಬಳಕೆ ಸುಮಾರು 15% ಇಳಿಯಿತು. ಕಾಗದ ಉಳಿಸಿ ಎಂದು ಸಿಬ್ಬಂದಿಗೆ ಕಳಿಸಿದ ಮನವಿಯಿಂದ ಏನೂ ಆಗಲಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುವ ಆಡಳಿತಗಳು ಗಮನಿಸಬೇಕಾದದ್ದು ಇದನ್ನೇ.

ಈ ಬದಲಾವಣೆಯನ್ನು ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಮಾಡಬೇಡಿ, ಎಲ್ಲರ ಪ್ರಿಂಟ್‌ಗಳೂ ಹಾದುಹೋಗುವ ಪ್ರಿಂಟ್ ಸರ್ವರ್‌ನಲ್ಲಿ ಮಾಡಿಸಿ. ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ, ಹೊಸ ಪ್ರಿಂಟರ್ ಬಂದಾಗ ಸೆಟ್ಟಿಂಗ್ ಸದ್ದಿಲ್ಲದೆ ಹಳೆಯದಕ್ಕೆ ಮರಳುವುದುಂಟು, ಹಾಗಾಗಿ ಆಮೇಲೂ ಒಮ್ಮೆ ನೋಡಬೇಕು. ಒಂದೇ ಬದಿಯ ಪ್ರಿಂಟ್ ಬೇಕಾದವರಿಗೆ ಆ ಆಯ್ಕೆ ಸುಲಭವಾಗಿ ಸಿಗಬೇಕು. ಇಲ್ಲದಿದ್ದರೆ ಕರಾರುಪತ್ರಗಳನ್ನು ಎರಡೆರಡು ಸಲ ಪ್ರಿಂಟ್ ತೆಗೆದು, ಉಳಿಸಿದ್ದಕ್ಕಿಂತ ಹೆಚ್ಚು ಕಾಗದ ಹಾಳಾಗುತ್ತದೆ. ಬದಲಿಸುವ ಮೊದಲೇ ನಾಲ್ಕು ವಾರ ಎಷ್ಟು ರೀಮ್ ಖರ್ಚಾಯಿತು ಎಂದು ಬರೆದಿಟ್ಟುಕೊಳ್ಳಿ. 500 ಹಾಳೆಗೆ ಒಂದು ರೀಮ್, ಲೆಕ್ಕ ಸುಲಭ.

ಎಸಿ ವಿಷಯಕ್ಕೆ ತಾಳ್ಮೆ ಬೇಕು. ಪ್ಯಾರಿಸ್‌ನ ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಇರುವ ದೇಶಗಳ ಸಂಘಟನೆ) ಕಚೇರಿಗಳಲ್ಲಿ ಚಳಿಗಾಲದ ಹೀಟರಿನ ಡಿಫಾಲ್ಟನ್ನು 1 ಡಿಗ್ರಿ ಇಳಿಸಿದಾಗ ಸಿಬ್ಬಂದಿ ಬಹುಪಾಲು ಸುಮ್ಮನಿದ್ದರು. 2 ಡಿಗ್ರಿ ಇಳಿಸಿದಾಗ ಎದ್ದುಹೋಗಿ ಬದಲಿಸಿಕೊಂಡರು, ಉಳಿತಾಯವೂ ಕಡಿಮೆಯಾಯಿತು. ಮೈಗೆ ತಟ್ಟುವಷ್ಟು ಬದಲಿಸಿದರೆ ಡಿಫಾಲ್ಟ್ ಸೋಲುತ್ತದೆ. ಭಾರತದಲ್ಲಿ 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ರೂಮ್ ಎಸಿಗಳು 24 ಡಿಗ್ರಿ ಡಿಫಾಲ್ಟಿನೊಂದಿಗೇ ಬರಬೇಕು. ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ನಿಮ್ಮಲ್ಲಿ ಈಗ 21 ಇದ್ದರೆ ನೇರ 24ಕ್ಕೆ ಹಾರದೆ, ಎರಡು ವಾರಕ್ಕೊಂದು ಡಿಗ್ರಿಯಂತೆ ಏರಿಸಿ. ಮೊದಲು ಸೆನ್ಸರ್ ಎಲ್ಲಿದೆ ನೋಡಿ: ಬಿಸಿಲು ಬೀಳುವ ಗೋಡೆಯಲ್ಲೋ ಪ್ರಿಂಟರಿನ ಬಳಿಯೋ ಇದ್ದರೆ ಅದು ಕೋಣೆಯನ್ನು ಇರುವುದಕ್ಕಿಂತ ಬಿಸಿಯೆಂದು ತಿಳಿದು ಎಲ್ಲರನ್ನೂ ನಡುಗಿಸುತ್ತದೆ. ಪಶ್ಚಿಮದ ಗಾಜಿನ ಪಕ್ಕ ಕೂರುವವರಿಗೆ ಪರದೆ, ಫ್ಯಾನ್ ಕೊಡದೆ ಡಿಗ್ರಿ ಏರಿಸಿದರೆ ಮೊದಲ ದೂರು ಅಲ್ಲಿಂದಲೇ ಬರುತ್ತದೆ, ಅದು ನ್ಯಾಯವೂ ಹೌದು.

ಕಸದ ನಡ್ಜ್ ನೋಡಲು ಸುಲಭ, ಕೆಡುವುದೂ ಅಷ್ಟೇ ಸುಲಭ. ಪ್ರತಿ ಮೇಜಿನ ಕೆಳಗಿನ ಬುಟ್ಟಿ ತೆಗೆದು, ಪ್ಯಾಂಟ್ರಿಯ ಬಳಿ ಮೂರನ್ನು ಒಟ್ಟಿಗೆ ಇಡುವುದು ಕ್ರಮ. ಒಂದೇ ಬುಟ್ಟಿಯನ್ನು ಎಲ್ಲಾದರೂ ಒಂಟಿಯಾಗಿ ಬಿಟ್ಟರೆ ಅದಕ್ಕೆ ಎಲ್ಲವೂ ಬೀಳುತ್ತದೆ. ಬೆಂಗಳೂರಿನ ಕಚೇರಿಯಾದರೆ ಜನ ಮನೆಯಲ್ಲಿ ರೂಢಿ ಮಾಡಿಕೊಂಡ ಬಣ್ಣಗಳನ್ನೇ ಇಡಿ: ಹಸಿ ಕಸಕ್ಕೆ ಹಸಿರು ಬುಟ್ಟಿ, ರಿಜೆಕ್ಟ್‌ಗೆ, ಅಂದರೆ ಸ್ಯಾನಿಟರಿ ಪ್ಯಾಡಿನಂಥ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಬುಟ್ಟಿಯ ಮೇಲೆ ನಿಮ್ಮದೇ ಕ್ಯಾಂಟೀನಿನ ಕಸದ ಫೋಟೊ ಅಂಟಿಸಿ. ಚಟ್ನಿ ಪ್ಯಾಕೆಟ್, ಟೀ ಬ್ಯಾಗ್, ಟಿಶ್ಯೂ ಎಲ್ಲಿಗೆ ಎಂಬಲ್ಲೇ ಜನ ತಡವರಿಸುವುದು. ಅರ್ಧ ಕುಡಿದ ಕಾಫಿ ಚೆಲ್ಲಲು ಪಕ್ಕದಲ್ಲೊಂದು ಬಕೆಟ್ ಬೇಕು, ಒಂದೇ ಕಪ್ ಸಾಕು ಒಂದು ಚೀಲ ಒಣ ಕಾಗದವನ್ನು ಕೆಡಿಸಲು.

ಸಂಜೆ ಹೌಸ್‌ಕೀಪಿಂಗ್‌ನವರು ಮೂರನ್ನೂ ಒಂದೇ ಕಪ್ಪು ಚೀಲಕ್ಕೆ ಸುರಿಯುವುದನ್ನು ಒಬ್ಬರು ಕಂಡರೂ ಸಾಕು, ಮರುದಿನದಿಂದ ಯಾರೂ ವಿಂಗಡಿಸುವುದಿಲ್ಲ. ತಪ್ಪು ಅವರದಲ್ಲ, ಅವರಿಗೆ ಮೂರು ಚೀಲ, ಮೂರು ಡಬ್ಬಿಯ ತಳ್ಳುಗಾಡಿ, ವಿಂಗಡಿಸಲು ಬೇಕಾದ ಸಮಯ ಕೊಡದ ಗುತ್ತಿಗೆಯದು.